ವಾರಂಟ್ ಇದೆಯೇ ಎಂದು ಎಲ್ಲಿ ನೋಡಬೇಕು: ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವರಿಗೆ ಒಂದು ಹೋಲಿಕೆ

ತಮ್ಮ ಹೆಸರಿನಲ್ಲೋ, ಮನೆ ಬಾಡಿಗೆಗೆ ಕೇಳಿಕೊಂಡು ಬಂದವರ ಹೆಸರಿನಲ್ಲೋ, ತಾವು ಜಾಮೀನು ನಿಂತವರ ಹೆಸರಿನಲ್ಲೋ ಬಂಧನದ ವಾರಂಟ್ ಇದೆಯೇ ಎಂದು ತಿಳಿಯಬೇಕಾದವರು ಇಂದು ಮೊದಲು ಕೈ ಹಾಕುವುದು ಮೊಬೈಲಿಗೆ. ಅಮೆರಿಕದ ಅನೇಕ ಕೌಂಟಿಗಳಲ್ಲಿ ಶೆರಿಫ್ ಕಚೇರಿಯೇ ವಾರಂಟ್ ಇರುವವರ ಪಟ್ಟಿಯನ್ನು ಪ್ರಕಟಿಸುತ್ತದೆ. ಹೆಸರು ಹಾಕಿದರೆ ಉತ್ತರ ಬರುತ್ತದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಸಾರ್ವಜನಿಕರು ಹೆಸರು ಕೊಟ್ಟು ನೋಡಬಹುದಾದ ಅಂಥ ವಾರಂಟ್ ಪಟ್ಟಿ ಇಲ್ಲ. ನಮ್ಮಲ್ಲಿ ವಾರಂಟ್ ಎಂಬುದು ಒಂದು ಪ್ರಕರಣದ ಕಡತದೊಳಗಿನ ಆದೇಶ. ಪ್ರಕರಣವನ್ನು ಹಿಡಿದರೆ ಮಾತ್ರ ವಾರಂಟ್ ಕೈಗೆ ಸಿಗುತ್ತದೆ. ಆದ್ದರಿಂದ ಇ-ಕೋರ್ಟ್ಸ್ ತಾಣ, ಪೊಲೀಸರ ಎಫ್‌ಐಆರ್ ಹುಡುಕಾಟ, ಠಾಣೆ, ನ್ಯಾಯಾಲಯದ ಕಚೇರಿ, ವಕೀಲರು, ಮಾಹಿತಿ ಹಕ್ಕು ಅರ್ಜಿ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಎಂಬ ಹಲವು ದಾರಿಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನಿಮ್ಮ ಕೈಯಲ್ಲಿ ಪ್ರಕರಣದ ಸಂಖ್ಯೆ ಇದೆಯೋ, ಬರೀ ಹೆಸರಿದೆಯೋ, ಮತ್ತು ಆ ಹೆಸರು ನಿಮ್ಮದೋ ಬೇರೆಯವರದೋ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ವಾರಂಟ್ ಎಲ್ಲಿ ದಾಖಲಾಗುತ್ತದೆ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 72ನೇ ಕಲಂ ಪ್ರಕಾರ ಬಂಧನದ ವಾರಂಟ್ ಲಿಖಿತವಾಗಿರಬೇಕು, ನ್ಯಾಯಾಧೀಶರ ಸಹಿ ಮತ್ತು ನ್ಯಾಯಾಲಯದ ಮೊಹರು ಇರಬೇಕು, ಮತ್ತು ಹೊರಡಿಸಿದ ನ್ಯಾಯಾಲಯವೇ ರದ್ದುಪಡಿಸುವವರೆಗೆ ಇಲ್ಲವೇ ಅದು ಜಾರಿಯಾಗುವವರೆಗೆ ಊರ್ಜಿತವಾಗಿರುತ್ತದೆ. ಈ ಕೊನೆಯ ಮಾತು ಮುಖ್ಯ. ಹತ್ತು ವರ್ಷ ಯಾರೂ ಮನೆ ಬಾಗಿಲಿಗೆ ಬರಲಿಲ್ಲವೆಂದ ಮಾತ್ರಕ್ಕೆ ವಾರಂಟ್ ತಾನಾಗಿ ಸಾಯುವುದಿಲ್ಲ. ಹಲವು ವರ್ಷ ತಲೆಮರೆಸಿಕೊಂಡವರ ಪ್ರಕರಣಗಳನ್ನು ನಮ್ಮ ಪೊಲೀಸರು ಎಲ್‌ಪಿಸಿ (ಲಾಂಗ್ ಪೆಂಡಿಂಗ್ ಕೇಸ್) ಎಂದು ಕರೆಯುತ್ತಾರೆ. ಯಾವುದೋ ಹಳೆಯ ಪ್ರಕರಣದ ಎಲ್‌ಪಿಸಿ ವಾರಂಟಿನ ಮೇಲೆ ಬಂಧನವಾಯಿತೆಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುವುದು ಇದೇ ಕಾರಣದಿಂದ.

ಸಾಮಾನ್ಯ ಕ್ರಮದಲ್ಲಿ ಮೊದಲು ಸಮನ್ಸ್, ಅದಕ್ಕೆ ಬಾರದಿದ್ದರೆ ಜಾಮೀನು ಸಹಿತ ವಾರಂಟ್, ಆಮೇಲೆ ಜಾಮೀನುರಹಿತ ವಾರಂಟ್ ಹೊರಡುತ್ತದೆ. ವೈಯಕ್ತಿಕ ಸ್ವಾತಂತ್ರ್ಯದ ವಿಷಯವಾದ್ದರಿಂದ ಜಾಮೀನುರಹಿತ ವಾರಂಟನ್ನು ಎಚ್ಚರದಿಂದ ಬಳಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಹೋಲಿಕೆಗೆ ಇನ್ನೂ ಹತ್ತಿರದ್ದು 2011ರ ರಘುವಂಶ್ ದೇವನ್‌ಚಂದ್ ಭಾಸಿನ್ ಪ್ರಕರಣದ ತೀರ್ಪು. ಆಗಲೇ ರದ್ದಾಗಿದ್ದ ವಾರಂಟಿನ ಮೇಲೆ ಮುಂಬೈಯಲ್ಲಿ ಒಬ್ಬ ವಕೀಲರನ್ನು ಬಂಧಿಸಿದ ಪ್ರಕರಣವದು. ಪ್ರತಿಯೊಂದು ನ್ಯಾಯಾಲಯವೂ ಹೊರಡಿಸಿದ ವಾರಂಟುಗಳನ್ನು ಕ್ರಮಸಂಖ್ಯೆಯೊಂದಿಗೆ ಒಂದು ರಿಜಿಸ್ಟರಿನಲ್ಲಿ ಬರೆಯಬೇಕು, ವಾರಂಟಿನ ಮೇಲೆ ಅದನ್ನು ಹಿಂದಿರುಗಿಸಬೇಕಾದ ದಿನಾಂಕ ಇರಬೇಕು, ಸಂಬಂಧಪಟ್ಟ ಪೊಲೀಸ್ ಠಾಣೆಯಲ್ಲಿಯೂ ಅಂಥದೇ ರಿಜಿಸ್ಟರ್ ಇರಬೇಕು, ರದ್ದಾದಾಗ ಎರಡೂ ಕಡೆ ನಮೂದಾಗಬೇಕು ಮತ್ತು ರದ್ದತಿ ಆದೇಶದ ಪ್ರತಿಯನ್ನು ಆರೋಪಿಗೂ ಕೊಡಬೇಕು ಎಂದು ನ್ಯಾಯಾಲಯ ಆಗ ನಿರ್ದೇಶಿಸಿತು. ಹಾಗಾಗಿ ಕಾಗದದ ಮೇಲೆ ವಾರಂಟ್ ಎರಡು ಜಾಗದಲ್ಲಿರುತ್ತದೆ. ಅಂತರ್ಜಾಲದಲ್ಲಿ ಕಾಣುವುದು ಮೂರನೆಯದು, ಅದು ನೆರಳು. ಈ ಮೂರೂ ಒಂದೇ ದಿನ ಒಂದೇ ಮಾತು ಹೇಳುತ್ತವೆಂದು ನಂಬಿ ನಡೆಯುವಂತಿಲ್ಲ. ಅವು ಬೇರೆ ಬೇರೆ ಹೇಳಿದಾಗ ನಂಬಬೇಕಾದದ್ದು ನ್ಯಾಯಾಲಯದ ಕಡತವನ್ನು.

ಇ-ಕೋರ್ಟ್ಸ್: ಖರ್ಚಿಲ್ಲದ ಮೊದಲ ಹೆಜ್ಜೆ

ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳ ಸ್ಥಿತಿಗತಿಯನ್ನು ಇ-ಕೋರ್ಟ್ಸ್ ತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಕೆಲಸ ಅರ್ಧ ಮುಗಿದಂತೆ. ಅದು ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಂಖ್ಯೆ. ಮೊದಲ ನಾಲ್ಕು ಅಕ್ಷರಗಳು ರಾಜ್ಯ ಮತ್ತು ಜಿಲ್ಲೆಯನ್ನು, ಮುಂದಿನ ಎರಡು ಅಂಕಿ ನ್ಯಾಯಾಲಯವನ್ನು, ಕೊನೆಯ ನಾಲ್ಕು ಅಂಕಿ ವರ್ಷವನ್ನು ಸೂಚಿಸುತ್ತವೆ. ಅದಿಲ್ಲದಿದ್ದರೆ ಸಿ.ಸಿ. ನಂಬರ್ (ನ್ಯಾಯಾಲಯ ಕ್ರಿಮಿನಲ್ ಪ್ರಕರಣಕ್ಕೆ ಕೊಡುವ ಸಂಖ್ಯೆ), ಠಾಣೆ ಮತ್ತು ಎಫ್‌ಐಆರ್ ಸಂಖ್ಯೆ, ವಕೀಲರ ಹೆಸರು ಅಥವಾ ಪಕ್ಷಗಾರರ ಹೆಸರು, ಇವುಗಳಲ್ಲಿ ಯಾವುದರಿಂದಲಾದರೂ ಹುಡುಕಬಹುದು.

ಬರೀ ಹೆಸರಿನಿಂದ ಹುಡುಕುವವರು ಮೂರು ತೊಡಕುಗಳಿಗೆ ಸಿದ್ಧರಾಗಿರಬೇಕು. ಮೊದಲನೆಯದಾಗಿ, ಹುಡುಕಾಟ ಒಂದು ಸಂಕೀರ್ಣಕ್ಕೆ, ಒಂದು ವರ್ಷಕ್ಕೆ ಸೀಮಿತ. ದಾವಣಗೆರೆ ನಗರದ ಸಂಕೀರ್ಣದಲ್ಲಿ ಹುಡುಕಿದರೆ ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ಪ್ರಕರಣಗಳು ಬರುವುದಿಲ್ಲ. ಚಿತ್ರದುರ್ಗದಲ್ಲಿ ನೋಡಿದರೆ ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು ಬೇರೆಯಾಗಿಯೇ ಉಳಿಯುತ್ತವೆ. ಹರಪನಹಳ್ಳಿಯವರಿಗೆ ಇನ್ನೂ ಒಂದು ತೊಡಕಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿದ ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ; ಹಳೆಯ ಪ್ರಕರಣವಾದರೆ ಯಾವ ಜಿಲ್ಲೆಯ ಪಟ್ಟಿಯಡಿ ಇದೆಯೆಂದು ಮೂರೂ ಕಡೆ ನೋಡುವುದು ಮೇಲು.

ಎರಡನೆಯ ತೊಡಕು ಕಾಗುಣಿತದ್ದು. ಹೆಸರು ದಾಖಲಾಗಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಬಸವರಾಜ್, ಬಸವರಾಜ, ಬಸವರಾಜಪ್ಪ ಎಂಬ ಮೂವರೂ ಒಬ್ಬನೇ ಆಗಿರಬಹುದು, ಮೂವರು ಬೇರೆಯೂ ಆಗಿರಬಹುದು. ಮಂಜುನಾಥನ ಕೊನೆಯಲ್ಲಿ ಎ ಅಕ್ಷರ ಇದ್ದರೆ ಒಂದು ಫಲ, ಇಲ್ಲದಿದ್ದರೆ ಇನ್ನೊಂದು. ಠಾಣೆಯಲ್ಲಿ ಅಲಿಯಾಸ್ ಎಂದು ಬರೆದ ಕರೆಯುವ ಹೆಸರು ಕೆಲವೊಮ್ಮೆ ಮೊದಲು ಬಂದಿರುತ್ತದೆ. ಪೂರ್ತಿ ಹೆಸರು ಬರೆಯುವ ಬದಲು ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ಬಂದ ಪಟ್ಟಿಯಿಂದ ಆರಿಸಿಕೊಳ್ಳುವುದು ಸುಲಭ. ಆರಿಸಿದ ಮೇಲೆ ಒಳಗೆ ತೆರೆದು ತಂದೆಯ ಹೆಸರು, ವಯಸ್ಸು, ಊರು ಹೊಂದುತ್ತವೆಯೇ ಎಂದು ನೋಡಲೇಬೇಕು. ಆ ವಿವರಗಳೇ ಅಲ್ಲಿ ಇಲ್ಲದಿದ್ದರೆ, ಹೆಸರು ಹೊಂದಿತೆಂಬ ಒಂದೇ ಕಾರಣಕ್ಕೆ ಯಾರ ಮೇಲೂ ತೀರ್ಮಾನಕ್ಕೆ ಬರುವುದು ಅನ್ಯಾಯ.

ಮೂರನೆಯದು ಓದುವ ತೊಡಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಕರಣ ತೆರೆದಾಗ ಮೇಲುಗಡೆ ಮುಂದಿನ ವಾಯಿದೆಯ ದಿನಾಂಕ ಮತ್ತು ಹಂತ ಕಾಣುತ್ತದೆ. ಹಂತದ ಜಾಗದಲ್ಲಿ ಎನ್‌ಬಿಡಬ್ಲ್ಯೂ ಎಂದಿದ್ದರೆ ಜಾಮೀನುರಹಿತ ವಾರಂಟಿನ ಹಂತ, ಬಿಡಬ್ಲ್ಯೂ ಎಂದಿದ್ದರೆ ಜಾಮೀನು ಸಹಿತ ವಾರಂಟಿನ ಹಂತ ಎಂದರ್ಥ. ಆದರೆ ಅಷ್ಟಕ್ಕೇ ನಿಲ್ಲಬಾರದು. ಕೆಳಗೆ ಪ್ರತಿ ವಾಯಿದೆಯ ದಿನಾಂಕವನ್ನು ಒತ್ತಿದರೆ ಆ ದಿನದ ಕಲಾಪದ ಟಿಪ್ಪಣಿ ತೆರೆಯುತ್ತದೆ. ಅಲ್ಲಿ ಬರುವ ಸಾಲುಗಳು ಚಿಕ್ಕವು: ಎರಡನೇ ಆರೋಪಿ ಗೈರು, ಎನ್‌ಬಿಡಬ್ಲ್ಯೂ ಹೊರಡಿಸಿ; ಎನ್‌ಬಿಡಬ್ಲ್ಯೂ ಜಾರಿಯಾಗದೆ ವಾಪಸು, ಪುನಃ ಹೊರಡಿಸಿ; ಪಿ.ಎಫ್. ಕಟ್ಟಿದಲ್ಲಿ ಎನ್‌ಬಿಡಬ್ಲ್ಯೂ. ಮೊದಲ ಸಾಲು ಯಾವ ಆರೋಪಿಗೆ ಎಂದು ಹೇಳುತ್ತದೆ. ಐದು ಜನರಿರುವ ಹೊಡೆದಾಟದ ಪ್ರಕರಣದಲ್ಲಿ ಹಂತ ಎನ್‌ಬಿಡಬ್ಲ್ಯೂ ಎಂದಿದ್ದರೂ ಅದು ಬಾರದೆ ಉಳಿದ ಒಬ್ಬನಿಗೆ ಮಾತ್ರ ಸಂಬಂಧಿಸಿರಬಹುದು. ಮೂರನೆಯ ಸಾಲಿನ ಪಿ.ಎಫ್. ಎಂದರೆ ಪ್ರೊಸೆಸ್ ಫೀ. ಖಾಸಗಿ ದೂರಿನ ಪ್ರಕರಣಗಳಲ್ಲಿ ದೂರುದಾರರು ಅದನ್ನು ಕಟ್ಟುವವರೆಗೆ ಆದೇಶವಾಗಿದ್ದರೂ ವಾರಂಟ್ ಕಾಗದವಾಗಿ ಹೊರಟಿರುವುದಿಲ್ಲ. ಆದೇಶವಾಗಿದೆ ಎಂಬುದೂ ವಾರಂಟ್ ಠಾಣೆ ತಲುಪಿದೆ ಎಂಬುದೂ ಎರಡು ಬೇರೆ ಸಂಗತಿಗಳು.

ಇನ್ನೊಂದು ಎಚ್ಚರಿಕೆ. ಹಲವು ಆರೋಪಿಗಳಲ್ಲಿ ಒಬ್ಬರು ತಪ್ಪಿಸಿಕೊಂಡಿದ್ದರೆ ಅವರ ಪ್ರಕರಣವನ್ನು ಬೇರ್ಪಡಿಸಿ, ಕೋರ್ಟಿನವರು ಸ್ಪ್ಲಿಟ್ ಅಪ್ ಎನ್ನುವ ಹೊಸ ಸಿ.ಸಿ. ನಂಬರ್ ಕೊಡುತ್ತಾರೆ. ಹಳೆಯ ನಂಬರನ್ನೇ ನೋಡುತ್ತ ಕುಳಿತವರಿಗೆ ಪ್ರಕರಣ ವಿಲೇವಾರಿ ಎಂದು ಕಾಣುತ್ತದೆ, ಉಳಿದವರು ಖುಲಾಸೆಯೂ ಆಗಿರಬಹುದು. ಆದರೆ ಹೊಸ ನಂಬರಿನಲ್ಲಿ ವಾರಂಟ್ ಜೀವಂತವಾಗಿರುತ್ತದೆ. ವಿಲೇವಾರಿಯಾದ ಪ್ರಕರಣದ ಕೊನೆಯ ದಿನಗಳ ಟಿಪ್ಪಣಿಯನ್ನೂ ಓದಬೇಕೆನ್ನುವುದು ಇದಕ್ಕಾಗಿ. ಲೈಂಗಿಕ ಅಪರಾಧಗಳಂಥ ಪ್ರಕರಣಗಳಲ್ಲಿ ಹೆಸರುಗಳನ್ನು ಮರೆಮಾಡುವುದರಿಂದ ಹೆಸರಿನ ಹುಡುಕಾಟಕ್ಕೆ ಅವು ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮೊಬೈಲ್ ಬಳಕೆ ಕಷ್ಟವಾದವರಿಗೆ ನ್ಯಾಯಾಲಯಗಳ ಆವರಣದಲ್ಲಿ ಇ-ಸೇವಾ ಕೇಂದ್ರಗಳಿವೆ. ಪ್ರಕರಣದ ಸ್ಥಿತಿ, ಮುಂದಿನ ದಿನಾಂಕಗಳನ್ನು ಅಲ್ಲಿ ಕೇಳಿ ತಿಳಿಯಬಹುದು. ಅವರು ನೋಡಿ ಹೇಳುವುದೂ ಇದೇ ತಾಣದ ಮಾಹಿತಿಯನ್ನೇ.

ಪೊಲೀಸರ ಕಡೆಯ ದಾರಿಗಳು

ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪಿನಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಪೊಲೀಸ್ ತಾಣದಲ್ಲಿ ಹಾಕಬೇಕು. ರಾಜ್ಯ ಪೊಲೀಸ್ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ, ಸಂಖ್ಯೆ ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಬಹುದು. ವಾರಂಟ್ ಹುಡುಕುವವರಿಗೆ ಇದರ ಉಪಯೋಗ ಒಂದೇ: ಠಾಣೆಯ ಅಪರಾಧ ಸಂಖ್ಯೆ ತಿಳಿದರೆ ಅದನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ಸಿ.ಸಿ. ನಂಬರ್ ಹಿಡಿಯಬಹುದು. ಎಫ್‌ಐಆರ್ ಇದೆ ಎಂದರೆ ವಾರಂಟ್ ಇದೆ ಎಂದಲ್ಲ. ಸಂಹಿತೆಯ 35ನೇ ಕಲಂ ಪ್ರಕಾರ ಹಲವು ಅಪರಾಧಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದು ಅಥವಾ ಹಾಜರಾಗಲು ನೋಟಿಸ್ ಕೊಡಬಹುದು.

ಅದಕ್ಕಿಂತ ಮುಖ್ಯವಾಗಿ, ಎಫ್‌ಐಆರ್ ಇಲ್ಲದಿದ್ದರೆ ವಾರಂಟ್ ಇಲ್ಲ ಎಂಬ ತರ್ಕ ನಮ್ಮ ಭಾಗದಲ್ಲಿ ಪೂರ್ತಿ ಕೈಕೊಡುತ್ತದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಠಾಣೆಗೆ ಹೋಗುವ ಮಾತೇ ಇಲ್ಲ; ದೂರುದಾರರು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡುತ್ತಾರೆ. ಮೆಕ್ಕೆಜೋಳದ ವ್ಯಾಪಾರದಲ್ಲೋ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಬಾಕಿಯಲ್ಲೋ ಕೊಟ್ಟ ಚೆಕ್ಕು ತಿರುಗಿ ಬಂದು, ಸಮನ್ಸ್ ಹಳೆಯ ಮನೆಯ ವಿಳಾಸಕ್ಕೆ ಹೋಗಿ, ಕೊನೆಗೆ ಜಾಮೀನುರಹಿತ ವಾರಂಟ್ ಹೊರಟಿದ್ದರೂ ಪೊಲೀಸರ ಎಫ್‌ಐಆರ್ ಹುಡುಕಾಟದಲ್ಲಿ ಆ ವ್ಯಕ್ತಿಯ ಹೆಸರು ಕಾಣುವುದಿಲ್ಲ. ಅಷ್ಟೇ ಅಲ್ಲ, 2015ರ ತಿದ್ದುಪಡಿಯಂತೆ ಚೆಕ್ಕನ್ನು ಖಾತೆಗೆ ಹಾಕಿದಾಗ ಹಣ ಪಡೆಯಬೇಕಾದವರ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ ದೂರು ದಾಖಲಾಗುತ್ತದೆ. ದಾವಣಗೆರೆಯ ವ್ಯಾಪಾರಿಯ ಮೇಲಿನ ಪ್ರಕರಣ ರಾಣೆಬೆನ್ನೂರಿನಲ್ಲೋ ಬೆಂಗಳೂರಿನಲ್ಲೋ ಇರಬಹುದು. ಚೆಕ್ಕು ಯಾರಿಗೆ ಕೊಟ್ಟಿದ್ದೆ, ಅವರ ಖಾತೆ ಎಲ್ಲಿ ಎಂಬುದರಿಂದ ಹುಡುಕಾಟ ಶುರುವಾಗಬೇಕೇ ಹೊರತು ತನ್ನ ಊರಿನ ಹೆಸರಿನಿಂದ ಅಲ್ಲ. ಜೀವನಾಂಶ ಕಟ್ಟದೆ ಹೊರಟ ವಾರಂಟುಗಳಿಗೂ ಎಫ್‌ಐಆರ್ ಇರುವುದಿಲ್ಲ. ಸಿವಿಲ್ ಡಿಕ್ರಿಯ ಹಣ ವಸೂಲಿಗೆ ಎಕ್ಸಿಕ್ಯೂಷನ್ (ಡಿಕ್ರಿ ಜಾರಿ) ಅರ್ಜಿಯಲ್ಲಿ ಹೊರಡುವ ಬಂಧನದ ವಾರಂಟನ್ನು ಹಿಡಿದು ಬರುವವರು ಕೋರ್ಟ್ ಅಮೀನರು. ಅದನ್ನು ಕ್ರಿಮಿನಲ್ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಹೇಳುತ್ತದೆ.

ಠಾಣೆಗೇ ಹೋಗಿ ಕೇಳುವುದು ಎಲ್ಲಕ್ಕಿಂತ ನೇರವಾದ ದಾರಿಯಂತೆ ತೋರುತ್ತದೆ. ವಾರಂಟ್ ರಿಜಿಸ್ಟರ್ ಅಲ್ಲಿದೆ, ನ್ಯಾಯಾಲಯದಿಂದ ಸಮನ್ಸ್ ಮತ್ತು ವಾರಂಟ್ ತರುವ ಪೊಲೀಸ್ ಪೇದೆಗೆ (ಕೋರ್ಟ್ ಪಿಸಿ) ಎಲ್ಲವೂ ಗೊತ್ತಿರುತ್ತದೆ. ಆದರೆ ಆ ರಿಜಿಸ್ಟರ್ ಸಾರ್ವಜನಿಕರು ಕೇಳಿದಾಗ ತೆರೆದು ತೋರಿಸುವ ಪುಸ್ತಕವಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಪ್ರದರ್ಶಿಸಬೇಕಾದದ್ದು ಬಂಧಿತರಾದವರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು. ಇನ್ನೂ ಬಂಧಿಸಬೇಕಾದವರ ಪಟ್ಟಿಯನ್ನಲ್ಲ. ತನ್ನ ಮೇಲೆಯೇ ಜಾಮೀನುರಹಿತ ವಾರಂಟ್ ಇರಬಹುದೆಂಬ ಅನುಮಾನ ಇರುವವರು ಒಬ್ಬರೇ ಠಾಣೆಗೆ ಹೋಗಿ ವಿಚಾರಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ವಾರಂಟ್ ಇದ್ದರೆ ಅಲ್ಲಿಯೇ ಜಾರಿ ಮಾಡುವುದು ಅಧಿಕಾರಿಯ ಕರ್ತವ್ಯ. ಬಂಧಿಸಿದ ಮೇಲೆ 24 ಗಂಟೆಗಳೊಳಗೆ ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂಬ ರಕ್ಷಣೆ ಇದೆ, ಆದರೆ ವಕೀಲರ ಮೂಲಕ ತಾವೇ ನ್ಯಾಯಾಲಯಕ್ಕೆ ಹಾಜರಾದವರಿಗೂ ಹಿಡಿದು ತಂದವರಿಗೂ ನ್ಯಾಯಾಧೀಶರ ಕಣ್ಣಿನಲ್ಲಿ ವ್ಯತ್ಯಾಸವಿರುತ್ತದೆ. ಜಾಮೀನು ಸಹಿತ ವಾರಂಟಾದರೆ ಇಷ್ಟು ಭಯ ಬೇಕಿಲ್ಲ. ವಾರಂಟಿನ ಮೇಲೆ ಬರೆದ ಮೊತ್ತಕ್ಕೆ ಬಾಂಡ್ ಮತ್ತು ಶೂರಿಟಿ ಕೊಟ್ಟರೆ ಅಧಿಕಾರಿ ಬಿಡಬೇಕು. ಮನೆಗೆ ಬಂದ ಪೊಲೀಸರು ವಾರಂಟ್ ಇದೆ ಎಂದರೆ ಅದರ ಸಾರಾಂಶವನ್ನು ತಿಳಿಸಬೇಕು, ಕೇಳಿದರೆ ವಾರಂಟನ್ನೇ ತೋರಿಸಬೇಕು. ಆ ಹೊತ್ತಿನಲ್ಲಿ ಮನೆಯವರು ಗಾಬರಿಯಾಗದೆ ನ್ಯಾಯಾಲಯದ ಹೆಸರು, ಸಿ.ಸಿ. ನಂಬರ್ ಮತ್ತು ಹಿಂದಿರುಗಿಸಬೇಕಾದ ದಿನಾಂಕ ಬರೆದುಕೊಂಡರೆ ಮುಂದಿನ ಹುಡುಕಾಟದ ಶ್ರಮವೆಲ್ಲ ಉಳಿಯುತ್ತದೆ.

ನ್ಯಾಯಾಲಯದ ಕಚೇರಿ ಮತ್ತು ವಕೀಲರು

ನನ್ನ ತೂಕದಲ್ಲಿ ಅತ್ಯಂತ ಭರವಸೆಯ ದಾರಿ ಇದು. ಸಂಬಂಧಪಟ್ಟ ನ್ಯಾಯಾಲಯದ ಬೆಂಚ್ ಕ್ಲರ್ಕ್ ಬಳಿ ಕಡತ ಇರುತ್ತದೆ. ಆದೇಶ ಹಾಳೆಯಲ್ಲಿ ನ್ಯಾಯಾಧೀಶರ ಕೈಬರಹದ ಅಥವಾ ಟೈಪಾದ ಆದೇಶ ಇರುತ್ತದೆ. ವಾರಂಟ್ ಹೊರಟಿತೋ, ಠಾಣೆಯಿಂದ ಷರಾ ಸಹಿತ ವಾಪಸು ಬಂದಿದೆಯೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಕಲಾಪ ನಡೆಯುವ ಹೊತ್ತಿನಲ್ಲಿ ಹೊರಗಿನವರು ಹೋಗಿ ಕಡತ ತೋರಿಸಿ ಎಂದರೆ ನಡೆಯುವುದಿಲ್ಲ. ವಕೀಲರು ಅಥವಾ ಅವರ ಗುಮಾಸ್ತರು ನಂಬರ್ ಕೊಟ್ಟು ಕೇಳಿದರೆ ಹಂತ ತಿಳಿಯುವುದು ಕಷ್ಟವಲ್ಲ. ವಕಾಲತ್ತು ಹಾಕಿದ ವಕೀಲರು ಕಡತ ಪರಿಶೀಲನೆಗೆ ಅರ್ಜಿ ಕೊಡಬಹುದು.

ಲಿಖಿತ ಪುರಾವೆ ಬೇಕಾದವರು ನಕಲು ಅರ್ಜಿ ಹಾಕಿ ಆದೇಶ ಹಾಳೆಯ ದೃಢೀಕೃತ ನಕಲು ಪಡೆಯಬೇಕು. ಪ್ರಕರಣದ ಪಕ್ಷಗಾರರಿಗೆ ಇದು ಸಲೀಸು. ಪ್ರಕರಣಕ್ಕೆ ಸಂಬಂಧಪಡದವರು ಏಕೆ ಬೇಕೆಂಬ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. ನಿಧಾನ ಹೌದು, ಆದರೆ ಪಾಸ್‌ಪೋರ್ಟ್ ಕಚೇರಿಗೋ ಉದ್ಯೋಗದಾತರಿಗೋ ತೋರಿಸಿದಾಗ ನಿಲ್ಲುವ ಕಾಗದ ಇದೊಂದೇ. ಇ-ಕೋರ್ಟ್ಸ್ ಪರದೆಯ ಚಿತ್ರ ಆ ಕೆಲಸಕ್ಕೆ ಬರುವುದಿಲ್ಲ.

ವಕೀಲರ ಶುಲ್ಕ ಹೊರೆಯಾಗುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮತ್ತು ನಿಗದಿತ ಆದಾಯಮಿತಿಯೊಳಗಿನವರು ಉಚಿತ ಕಾನೂನು ಸೇವೆಗೆ ಅರ್ಹರು. ಸಹಾಯವಾಣಿ 15100. ಹೈಕೋರ್ಟಿನಿಂದ ತಡೆಯಾಜ್ಞೆ ತಂದಿರುವವರು ಅದರ ಪ್ರತಿ ಕೆಳ ನ್ಯಾಯಾಲಯದ ಕಡತಕ್ಕೆ ಸೇರಿದೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಬೇಕು. ನಮ್ಮ ಎರಡೂ ಜಿಲ್ಲೆಗಳು ಬರುವುದು ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಗೆ, ಧಾರವಾಡ ಪೀಠಕ್ಕಲ್ಲ. ತಡೆಯಾಜ್ಞೆಯ ಸ್ಥಿತಿಯನ್ನು ಹುಡುಕುವಾಗ ಪೀಠ ತಪ್ಪಿದರೆ ಏನೂ ಸಿಗುವುದಿಲ್ಲ.

ಉಳಿದ ದಾರಿಗಳು

ಮಾಹಿತಿ ಹಕ್ಕು ಅರ್ಜಿಯನ್ನು ಈ ಕೆಲಸಕ್ಕೆ ನಂಬಿ ಕೂರಬಾರದು. ನ್ಯಾಯಾಲಯದ ಕಡತದ ನಕಲುಗಳನ್ನು ಹೈಕೋರ್ಟ್ ನಿಯಮಗಳ ಪ್ರಕಾರವೇ ಪಡೆಯಬೇಕು, ಮಾಹಿತಿ ಹಕ್ಕು ಕಾಯ್ದೆಯಡಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಮಾನಿಸಿದೆ. ಠಾಣೆಗೆ ಅರ್ಜಿ ಹಾಕಿದರೆ, ಅಪರಾಧಿಗಳ ಬಂಧನಕ್ಕೆ ಅಡ್ಡಿಯಾಗುವ ಮಾಹಿತಿಯನ್ನು ನಿರಾಕರಿಸಲು 8(1)(ಎಚ್) ಉಪಕಲಂ ಅವಕಾಶ ಕೊಡುತ್ತದೆ. ಬೇರೊಬ್ಬರ ವೈಯಕ್ತಿಕ ಮಾಹಿತಿಯೆಂಬ ಕಾರಣವೂ ಇದೆ. ಠಾಣಾವಾರು ಎಷ್ಟು ವಾರಂಟುಗಳು ಬಾಕಿ ಇವೆ ಎಂಬ ಅಂಕಿಸಂಖ್ಯೆ ಬೇಕಾದ ಪತ್ರಕರ್ತರಿಗೂ ಸಂಶೋಧಕರಿಗೂ ಇದು ಸರಿಯಾದ ಸಾಧನ. ಒಬ್ಬ ವ್ಯಕ್ತಿಯ ವಿಷಯಕ್ಕೆ 30 ದಿನ ಕಾದು ನಿರಾಕರಣೆಯ ಪತ್ರ ಪಡೆಯುವುದರಲ್ಲಿ ಅರ್ಥವಿಲ್ಲ.

ಬಾಡಿಗೆದಾರರು, ಮನೆಕೆಲಸದವರು, ಅಂಗಡಿ ಅಥವಾ ಲಾರಿಗೆ ಸೇರಿಸಿಕೊಳ್ಳುವವರ ಹಿನ್ನೆಲೆ ತಿಳಿಯಬೇಕಾದವರಿಗೆ ಪೊಲೀಸ್ ಪರಿಶೀಲನೆಯೇ ಯೋಗ್ಯ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಆ ವ್ಯಕ್ತಿಯ ದಾಖಲೆ, ವಿಳಾಸ, ಗುರುತಿನ ಚೀಟಿಗಳ ಆಧಾರದ ಮೇಲೆ ಪೊಲೀಸರು ಪರಿಶೀಲಿಸುವುದರಿಂದ ಹೆಸರು ಹೋಲುವ ಬೇರೊಬ್ಬನ ತಪ್ಪು ಇವನ ತಲೆಗೆ ಬರುವ ಅಪಾಯ ಕಡಿಮೆ. ಇ-ಕೋರ್ಟ್ಸ್‌ನಲ್ಲಿ ಹೆಸರು ಕಂಡಿತೆಂದು ಕೆಲಸ ನಿರಾಕರಿಸುವುದಕ್ಕಿಂತ ಇದು ನ್ಯಾಯವಾದ ಕ್ರಮ. ರಾಷ್ಟ್ರೀಯ ಹೆದ್ದಾರಿ 48 ಎರಡೂ ಜಿಲ್ಲೆಗಳ ಮೂಲಕ ಹಾದುಹೋಗುವುದರಿಂದ ಲಾರಿ ಚಾಲಕರ ವಿಷಯದಲ್ಲಿ ಒಂದು ಮಾತು ಸೇರಿಸಬೇಕು: ಅಪಘಾತದ ಪ್ರಕರಣ ದಾಖಲಾಗುವುದು ಅಪಘಾತವಾದ ಜಾಗದ ಠಾಣೆಯಲ್ಲಿ. ಚಾಲಕನ ಊರಿನ ಠಾಣೆಯ ವರದಿ ಚೊಕ್ಕವಾಗಿದ್ದರೂ ಹಿರಿಯೂರಿನ ನ್ಯಾಯಾಲಯದಲ್ಲಿ ವಾಯಿದೆ ತಪ್ಪಿದ್ದಕ್ಕೆ ವಾರಂಟ್ ಇರಬಹುದು, ಮತ್ತು ನಾಗರಿಕ ಸುರಕ್ಷಾ ಸಂಹಿತೆಯ 79ನೇ ಕಲಂ ಪ್ರಕಾರ ಆ ವಾರಂಟ್ ಭಾರತದ ಯಾವ ಸ್ಥಳದಲ್ಲಿಯೂ ಜಾರಿಯಾಗಬಹುದು. ಹಿಂದೆ ಎಲ್ಲೆಲ್ಲಿ ಅಪಘಾತವಾಗಿತ್ತು ಎಂದು ಚಾಲಕನನ್ನೇ ಕೇಳಿ, ಆ ತಾಲ್ಲೂಕುಗಳ ಸಂಕೀರ್ಣದಲ್ಲಿ ನೋಡುವುದು ಉಪಯುಕ್ತ.

ವಿದೇಶಕ್ಕೆ ಹೋಗುವವರಿಗೆ ಪಾಸ್‌ಪೋರ್ಟ್ ಪರಿಶೀಲನೆಯೇ ಕೊನೆಯ ಪರೀಕ್ಷೆ. ಅರ್ಜಿದಾರರ ಬಂಧನಕ್ಕೆ ನ್ಯಾಯಾಲಯ ವಾರಂಟ್ ಹೊರಡಿಸಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯ್ದೆಯ 6(2)(ಜಿ) ಅವಕಾಶ ಕೊಡುತ್ತದೆ. ಅರ್ಜಿ ಹಾಕಿ ನಿರಾಕರಣೆಯಾದ ಮೇಲೆ ಕಾರಣ ಹುಡುಕುವ ಬದಲು ಮೊದಲೇ ನ್ಯಾಯಾಲಯಗಳ ದಾಖಲೆ ನೋಡಿಕೊಳ್ಳಬೇಕು.

ಹಣ ಕೊಟ್ಟರೆ ಯಾರದಾದರೂ ಕ್ರಿಮಿನಲ್ ದಾಖಲೆ ತೆಗೆದುಕೊಡುತ್ತೇವೆ ಎನ್ನುವ ಖಾಸಗಿ ಸೇವೆಗಳಿಗೆ ನ್ಯಾಯಾಲಯದ ಅಥವಾ ಠಾಣೆಯ ವಾರಂಟ್ ರಿಜಿಸ್ಟರ್ ಸಿಗುವುದಿಲ್ಲ. ಸಾರ್ವಜನಿಕವಾಗಿ ಉಚಿತವಾಗಿರುವುದನ್ನೇ ಅವರು ಮಾರುತ್ತಾರೆ.

ಯಾರಿಗೆ ಯಾವುದು

ತನ್ನ ಮೇಲೆ ಹಳೆಯ ಪ್ರಕರಣ ಇದೆಯೆಂದು ತಿಳಿದವರು ಇ-ಕೋರ್ಟ್ಸ್‌ನಲ್ಲಿ ನಂಬರ್ ಹಿಡಿದು, ಟಿಪ್ಪಣಿ ಓದಿ, ವಕೀಲರ ಮೂಲಕ ಕಡತ ನೋಡಿಸಬೇಕು. ಠಾಣೆ ಕೊನೆಯದು. ಚೆಕ್ ಪ್ರಕರಣದ ದೂರುದಾರರಿಗೆ ಕ್ರಮ ತಿರುವುಮುರುವು: ಪಿ.ಎಫ್. ಕಟ್ಟಿದೆಯೇ ಎಂದು ವಕೀಲರಲ್ಲಿ ಖಚಿತಪಡಿಸಿಕೊಂಡು, ಆರೋಪಿಯ ಈಗಿನ ವಿಳಾಸ ಕೊಟ್ಟು, ಸಂಬಂಧಪಟ್ಟ ಠಾಣೆಯಲ್ಲಿ ವಾರಂಟ್ ತಲುಪಿದೆಯೇ ಎಂದು ಧೈರ್ಯವಾಗಿ ಕೇಳಬಹುದು. ವಿಳಾಸ ತಪ್ಪಾಗಿದ್ದರೆ ವಾಯಿದೆಯಿಂದ ವಾಯಿದೆಗೆ ಜಾರಿಯಾಗದೆ ವಾಪಸು ಎಂಬ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಜಾಮೀನು ನಿಂತವರು ಮೈಮರೆಯುವವರಲ್ಲಿ ಮೊದಲಿಗರು. ಪಹಣಿ ಕೊಟ್ಟು ಶೂರಿಟಿ ನಿಂತು ಊರಿಗೆ ಬಂದ ಮೇಲೆ ಆರೋಪಿ ವಾಯಿದೆಗೆ ಹೋಗುತ್ತಿದ್ದಾನೋ ಇಲ್ಲವೋ ನೋಡುವುದಿಲ್ಲ. ಆತನಿಗೆ ವಾರಂಟ್ ಆದರೆ ಬಾಂಡ್ ಮುಟ್ಟುಗೋಲಾಗಿ, ನಾಗರಿಕ ಸುರಕ್ಷಾ ಸಂಹಿತೆಯ 491ನೇ ಕಲಂ ಪ್ರಕಾರ ದಂಡ ಏಕೆ ಕಟ್ಟಬಾರದೆಂದು ಶೂರಿಟಿಗೂ ನೋಟಿಸ್ ಬರುತ್ತದೆ. ಜಾಮೀನು ನಿಂತ ದಿನವೇ ಸಿಎನ್‌ಆರ್ ಸಂಖ್ಯೆ ಬರೆದುಕೊಂಡು ಆ್ಯಪ್‌ನಲ್ಲಿ ಉಳಿಸಿಟ್ಟುಕೊಂಡರೆ ಪ್ರತಿ ವಾಯಿದೆಯ ಸಂಜೆ ನೋಡಲು ಎರಡು ನಿಮಿಷ ಸಾಕು.

ವಾಟ್ಸ್‌ಆ್ಯಪ್‌ನಲ್ಲಿ ವಾರಂಟಿನ ಚಿತ್ರ ಬಂದು, ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವರು ಹಣ ಕೇಳಿದರೆ ಅದು ವಂಚನೆ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಅಂಥ ಕಾಗದದಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು ಇದ್ದರೆ ಇ-ಕೋರ್ಟ್ಸ್‌ನಲ್ಲಿ ಹಾಕಿ ನೋಡಿ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಾರಂಟ್ ಇರುವುದು ಖಚಿತವಾದ ಮೇಲೆ ಮುಂದಿನ ಕೆಲಸ ರೀಕಾಲ್, ಅಂದರೆ ವಾರಂಟನ್ನು ರದ್ದುಪಡಿಸಿಕೊಳ್ಳುವುದು. ಗೈರಾದ ಕಾರಣ ತಿಳಿಸಿ, ಆಸ್ಪತ್ರೆಯ ಕಾಗದವೋ ವಿಳಾಸ ಬದಲಾದ ಪುರಾವೆಯೋ ಸೇರಿಸಿ, ಆರೋಪಿ ಖುದ್ದಾಗಿ ಹಾಜರಿದ್ದು ವಕೀಲರ ಮೂಲಕ ನಾಗರಿಕ ಸುರಕ್ಷಾ ಸಂಹಿತೆಯ 72(2)ರ ಅಡಿ ಅರ್ಜಿ ಸಲ್ಲಿಸಬೇಕು. ಮುಂದಿನ ವಾಯಿದೆಯವರೆಗೆ ಕಾಯದೆ ಕಡತವನ್ನು ಮುಂಚಿತವಾಗಿ ಕರೆಸಲು ಕೋರಬಹುದು. ಶೂರಿಟಿಯವರನ್ನು ಅಂದೇ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ವಾರಂಟ್ ರದ್ದಾದ ಸಂಜೆಯೇ ಠಾಣೆಯ ರಿಜಿಸ್ಟರಿನಲ್ಲಿ ಅದು ರದ್ದಾಗಿರುವುದಿಲ್ಲ, ಇ-ಕೋರ್ಟ್ಸ್‌ನಲ್ಲಿ ಹಂತ ಬದಲಾಗಲೂ ಸಮಯ ಹಿಡಿಯಬಹುದು. ಆದ್ದರಿಂದ ರದ್ದತಿ ಆದೇಶದ ಪ್ರತಿ ಪಡೆದು, ವಾರಂಟ್ ಹೋಗಿದ್ದ ಠಾಣೆಗೆ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಜಾರಿಯಾಗದ ವಾರಂಟ್ ಠಾಣೆಯಿಂದ ನ್ಯಾಯಾಲಯಕ್ಕೆ ಮರಳಿತೆಂದು ಬೆಂಚ್ ಕ್ಲರ್ಕ್ ಹೇಳುವವರೆಗೆ ಆ ಪ್ರತಿ ಜೇಬಿನಲ್ಲಿಯೇ ಇರಲಿ.